ಉಬ್ಬುಗಣ್ಣಿಗೆ ಕನ್ನಡಕ

ಫಿಲ್ಟರು ಎಂದೊಡನೆ ನಮ್ಮವರಿಗೆ ಮೊದಲು ನೆನಪಾಗುವುದು ಕಾಫಿ. ಆದುದರಿಂದ 2023ರ ಸೆಪ್ಟೆಂಬರಿನ ಒಂದು ರಾತ್ರಿ ನಾನು ಅಡಿಗೆಮನೆಯ ನೆಲದ ಮೇಲೆ ಕುಳಿತು, ಅಡಿಪಟ್ಟಿ ಹಿಡಿದು, ಕಾಫಿ ಫಿಲ್ಟರಿನ ಮೇಲಿನ ಪಾತ್ರೆಯ ಬಾಯಿಯನ್ನು ಅಳೆಯುತ್ತಿದ್ದಾಗ ನನ್ನ ಮನೆಯವಳು ಬೆರಗಾದುದು ಸಹಜವೇ.

"ಅದನ್ನು ಅಳೆಯುವುದು ಎಂತಕ್ಕೆ? ದೊಡ್ಡದು ತರುವ ಅಂದಾಜುಂಟಾ?" ಎಂದಳು.

"ಅಲ್ಲ, ಕ್ಯಾಮರಾಕ್ಕೆ ಹಾಕಿದರೆ ಆಗುತ್ತದೋ ನೋಡುತ್ತಿದ್ದೇನೆ" ಎಂದೆ. ಅವಳು ಮರುಮಾತಾಡದೆ ಪಾತ್ರೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಅಟ್ಟದ ಮೇಲಿಟ್ಟಳು. ಅದರ ಬಾಯಿ ಎಂಟು ಸೆಂಟಿಮೀಟರು ಇತ್ತು. ನನಗೆ ಬೇಕಾದುದು ಅದರ ಒಂದೂವರೆಪಾಲಿಗಿಂತಲೂ ಹೆಚ್ಚು. ಆದುದರಿಂದ ನಷ್ಟವೇನೂ ಆಗಲಿಲ್ಲ.

ವಾಚಕರಿಗೆ ಹಿನ್ನೆಲೆಯನ್ನು ಹೇಳಬೇಕು. ಗಿರಗಾಂವಿನ ಒಂದು ಚಾಳಿನಲ್ಲಿ ನಮ್ಮ ತಂದೆಯವರು ಹಿಡಿದ ಒಂದು ಖೋಲಿ ಇದ್ದಿತು. ಉಡುಪಿಯ ಕಡೆಯಿಂದ ಬರಿಗೈಯಲ್ಲಿ ಬಂದವರು ಅವರು. ನಾನು ಹುಟ್ಟಿ ಬೆಳೆದದ್ದು, ಬಿ.ಎ. ಓದಿದ್ದು ಎಲ್ಲ ಅಲ್ಲಿಯೇ. ನೌಕರಿ ಸಿಕ್ಕಿ ನಾನು ಸರಕಾರಿ ವಸತಿಗೆ ಬಂದ ಮೇಲೂ ಅಮ್ಮ ಮಾತ್ರ ಆ ಖೋಲಿಯನ್ನು ಬಿಡಲೊಪ್ಪಲಿಲ್ಲ. ಈಗ ಚಾಳನ್ನೇ ಕೆಡವಿ ಗೋಪುರದಂಥ ಕಟ್ಟಡ ಎಬ್ಬಿಸುವುದೆಂದು ತೀರ್ಮಾನವಾಗಿತ್ತು. ಗಣಪತಿ ಹಬ್ಬವೊಂದನ್ನು ಅಲ್ಲಿಯೇ ಮುಗಿಸಿ, ದಸರೆಯ ಹೊತ್ತಿಗೆ ಎಲ್ಲರೂ ಖಾಲಿಮಾಡಿಕೊಡಬೇಕು. ಅಷ್ಟರೊಳಗೆ ಆ ಚಾಳಿನ ಒಂದು ಒಳ್ಳೆಯ ಚಿತ್ರ ತೆಗೆಯಬೇಕೆಂಬುದು ನನ್ನ ಹಟ. ನನಗೆ ಹದಿನೈದು ವರ್ಷಗಳಿಂದ ಛಾಯಾಚಿತ್ರದ ಹುಚ್ಚು. ಆದರೂ ಮನೆಯಲ್ಲಿ ಚಾಳಿನ ಒಂದು ನೆಟ್ಟಗಿನ ಚಿತ್ರ ಇರಲಿಲ್ಲ. ಕಣ್ಣೆದುರಿಗಿರುವುದನ್ನು ಯಾರು ತೆಗೆಯುತ್ತಾರೆ?

ಚಾಳು ಎಂದರೆ ಏನೆಂಬುದು ಮುಂಬಯಿಯವರಿಗೆ ಹೇಳಬೇಕಾಗಿಲ್ಲ. ಹೊರಗಿನ ವಾಚಕರಿಗಾಗಿ ಎರಡು ಮಾತು. ನಡುವೆ ಅಂಗಳ, ಸುತ್ತಲೂ ನಾಲ್ಕು ಅಂತಸ್ತಿನ ಸಾಲು, ಪ್ರತಿ ಅಂತಸ್ತಿಗೂ ಉದ್ದಕ್ಕೂ ಮರದ ಗ್ಯಾಲರಿ, ಗ್ಯಾಲರಿಗೆ ತೆರೆದುಕೊಳ್ಳುವ ಒಂದೊಂದು ಖೋಲಿಗೆ ಒಂದೊಂದು ಸಂಸಾರ. ನಮ್ಮ ಚಾಳಿನ ಅಂಗಳದ ಅಗಲ 9 ಮೀಟರು. ಎದುರು ಸಾಲಿನ ಉದ್ದ 22 ಮೀಟರು. ತೊಡಕಿರುವುದು ಇಲ್ಲಿಯೇ. ಎಲ್ಲರೂ ಬಳಸುವ 50 ಮಿಲಿಮೀಟರಿನ ಲೆನ್ಸು 9 ಮೀಟರು ದೂರದಿಂದ ಕಾಣುವುದು ಆರೂವರೆ ಮೀಟರು ಅಗಲವನ್ನು ಮಾತ್ರ: ಎರಡು ಖೋಲಿ, ಅರ್ಧ ಮೆಟ್ಟಿಲು. ಹಿಂದೆ ಸರಿಯೋಣವೆಂದರೆ ಹಿಂದೆ ಗೋಡೆ. 14 ಮಿಲಿಮೀಟರಿನ ಲೆನ್ಸಾದರೋ ಅದೇ ಜಾಗದಿಂದ 23 ಮೀಟರನ್ನು ಒಮ್ಮೆಗೇ ನುಂಗುತ್ತದೆ. ಅಂತಹ ಒಂದು ಲೆನ್ಸನ್ನು ನಾನು ಹಿಂದಿನ ವರ್ಷವೇ, ಬಾಕಿ ವೇತನ ಕೈಗೆ ಬಂದ ಸಂಭ್ರಮದಲ್ಲಿ, ಕೋಟೆ ಭಾಗದ ಬೋರಾ ಬಜಾರಿನಲ್ಲಿ ಹಳೆಯದೊಂದನ್ನು ಕೊಂಡು ತಂದಿದ್ದೆ.

ಆದರೆ ನನಗೆ ಬೇಕಾಗಿದ್ದುದು ಬರಿಯ ಕಟ್ಟಡದ ಚಿತ್ರವಲ್ಲ. ಬೆಳಗಿನ ಹೊತ್ತು ನಳ್ಳಿಯಲ್ಲಿ ನೀರು ಬಂದಾಗ ಅಂಗಳವೂ ಗ್ಯಾಲರಿಯೂ ಇರುವೆಯ ಗೂಡಿನಂತಿರುತ್ತವೆ. ಆ ಓಡಾಟವೆಲ್ಲ ಹೊಗೆಯಂತೆ ಕರಗಿ, ಮರದ ಕಟಾಂಜನ, ಸವೆದ ಮೆಟ್ಟಿಲು, ತುಳಸಿಕಟ್ಟೆ, ಮತ್ತು ಬಾಗಿಲ ಮುಂದೆ ಕುರ್ಚಿಯಲ್ಲಿ ಕುಳಿತ ಅಮ್ಮ, ಇಷ್ಟು ಮಾತ್ರ ನಿಚ್ಚಳವಾಗಿ ನಿಲ್ಲಬೇಕೆಂದು ನನ್ನ ಕನಸು. ಅದಕ್ಕೆ ಕ್ಯಾಮರಾದ ಬಾಗಿಲನ್ನು ಒಂದೆರಡು ನಿಮಿಷ ತೆರೆದಿಡಬೇಕು. ಹಗಲಿನಲ್ಲಿ ಅಷ್ಟು ಹೊತ್ತು ತೆರೆದಿಟ್ಟರೆ ಚಿತ್ರ ಬಿಳಿಯ ಹಾಳೆಯಾಗುತ್ತದೆ. ಬೆಳಕನ್ನು ಸಾವಿರಾರು ಪಾಲು ಕಡಿಮೆ ಮಾಡುವ ಕಪ್ಪು ಗಾಜೊಂದು ಮುಂದೆ ಬೇಕು. ಅದೇ ಫಿಲ್ಟರು.

ಸಾಮಾನ್ಯ ಲೆನ್ಸಿಗೆ ಇದು ಅತಿ ಸುಲಭದ ಕೆಲಸ. ಲೆನ್ಸಿನ ಮೂತಿಯಲ್ಲಿ ತಿರುಪಿನ ಗೆರೆಗಳಿರುತ್ತವೆ. ಫಿಲ್ಟರನ್ನು ಶೀಶೆಯ ಮುಚ್ಚಳದಂತೆ ತಿರುಗಿಸಿ ಕೂಡಿಸಿದರಾಯಿತು. 14 ಮಿಲಿಮೀಟರಿನ ಲೆನ್ಸಿನ ಮುಂದಿನ ಗಾಜಾದರೋ ಮೀನಿನ ಕಣ್ಣಿನಂತೆ ಉಬ್ಬಿಕೊಂಡಿರುತ್ತದೆ. ಅದಕ್ಕೆ ತಿರುಪಿಲ್ಲ, ಸುತ್ತಲೂ ಹೂವಿನ ದಳದಂತೆ ಕತ್ತರಿಸಿದ ಒಂದು ಹುಡ್ಡು, ಅದೂ ತೆಗೆಯಬಾರದಂತೆ ಬೆಸೆದದ್ದು. ಉಬ್ಬುಗಣ್ಣಿನವನಿಗೆ ಕನ್ನಡಕ ಹಾಕಲು ಮೂಗೂ ಇಲ್ಲ, ಕಿವಿಯೂ ಇಲ್ಲ.

ಇದು ನನ್ನೊಬ್ಬನ ಗೋಳಲ್ಲ. 2007ರಲ್ಲಿ ನಿಕಾನ್ ಸಂಸ್ಥೆಯವರು 14ರಿಂದ 24 ಮಿಲಿಮೀಟರಿನ ತಮ್ಮ ಹೆಸರಾಂತ ಲೆನ್ಸನ್ನು ಹೊರತಂದಾಗ ಲೋಕದ ನಿಸರ್ಗಚಿತ್ರಕಾರರೆಲ್ಲ ಅದರ ತೀಕ್ಷ್ಣತೆಯನ್ನು ಕೊಂಡಾಡಿದರು. ಮರುಗಳಿಗೆಯೇ ತಲೆಯ ಮೇಲೆ ಕೈಹೊತ್ತು ಕುಳಿತರು. ಕಡಲು, ಜಲಪಾತ, ಸೂರ್ಯಾಸ್ತ ಇವನ್ನು ತೆಗೆಯುವವರಿಗೆ ಫಿಲ್ಟರಿಲ್ಲದೆ ಕೈ ಆಡುವುದಿಲ್ಲ; ಈ ಲೆನ್ಸಿಗೋ ಫಿಲ್ಟರು ಕೂಡುವುದಿಲ್ಲ. ಜನ ಔಷಧದ ಡಬ್ಬಿ, ಪೈಪಿನ ತುಂಡು, ಲೆನ್ಸಿನದೇ ಮುಚ್ಚಳ, ಸಿಕ್ಕಿದ್ದನ್ನೆಲ್ಲ ಕೊಯ್ದು ಅಂಟಿಸತೊಡಗಿದರು. ಕೆಲವು ವರ್ಷಗಳಲ್ಲಿ ಇಂಗ್ಲೆಂಡಿನ ಲೀ ಸಂಸ್ಥೆಯವರು 150 ಮಿಲಿಮೀಟರು ಅಗಲದ ಚೌಕ ಗಾಜುಗಳನ್ನು ಹಿಡಿಯುವ ಚೌಕಟ್ಟನ್ನೂ, ಫೋಟೋಡಿಯಾಕ್ಸ್‌ನವರು 145 ಮಿಲಿಮೀಟರಿನ ದುಂಡು ಗಾಜನ್ನೂ ಮಾರಾಟಕ್ಕೆ ತಂದರು. ಊಟದ ತಟ್ಟೆಯಂಥ ಗಾಜುಗಳು! 2020ರಲ್ಲಿ ನಿಕಾನ್‌ನವರೇ ಹೊಸ ಮಾದರಿಯ 14-24ಕ್ಕೆ 112 ಮಿಲಿಮೀಟರಿನ ಫಿಲ್ಟರು ಕೂಡುವ ಹುಡ್ಡನ್ನು ಜೊತೆಗೆ ಕೊಟ್ಟರು. ಹೀಗೆ ಹಣವುಳ್ಳವರ ತೊಂದರೆ ಬಗೆಹರಿಯಿತು. ಗುಮಾಸ್ತರ ತೊಂದರೆ ಹಾಗೆಯೇ ಉಳಿಯಿತು.

ತಟ್ಟೆಯಷ್ಟು ದೊಡ್ಡ ಗಾಜು ಏಕೆ ಬೇಕು ಎಂಬುದನ್ನು ಒಂದಿಷ್ಟು ವಿಚಾರಮಾಡೋಣ. ಏಕೆಂದರೆ ಮುಂದಿನ ನನ್ನ ಪಾಡೆಲ್ಲ ಈ ಒಂದು ಲೆಕ್ಕದಿಂದ ಹುಟ್ಟಿದ್ದು. ಕಿಟಕಿಯಿಂದ ದೂರ ನಿಂತು ನೋಡಿದರೆ ಕಿಟಕಿಯ ಚೌಕಟ್ಟು ಕಣ್ಣಿಗೆ ಬೀಳುತ್ತದೆ. ಗಾಜಿಗೆ ಮೂಗು ತಾಗಿಸಿ ನೋಡಿದರೆ ಬೀಳುವುದಿಲ್ಲ. ಲೆನ್ಸಿಗೂ ಹಾಗೆಯೇ. ಅದರ ಒಳಗೆಲ್ಲೋ ಒಂದು ಬಿಂದುವಿನಿಂದ ಅದು ನೋಡುತ್ತಿದೆಯೆಂದು ಭಾವಿಸಿರಿ. ಆ ಬಿಂದುವಿನಿಂದ ಗಾಜು 5 ಸೆಂಟಿಮೀಟರು ಮುಂದಿದ್ದರೆ, 50 ಮಿಲಿಮೀಟರಿನ ಲೆನ್ಸಿಗೆ ಮೂರೂವರೆ ಸೆಂಟಿಮೀಟರಿಗೆ ಕೊಂಚ ಹೆಚ್ಚು ಅಗಲದ ಗಾಜು ಸಾಕು. 14 ಮಿಲಿಮೀಟರಿನದಕ್ಕೆ ಹೆಚ್ಚುಕಡಿಮೆ 13 ಸೆಂಟಿಮೀಟರು ಬೇಕು. ಗಾಜನ್ನು ಇನ್ನೊಂದು ಸೆಂಟಿಮೀಟರು ಮುಂದಕ್ಕೆ ಸರಿಸಿದಿರೋ, ಅಗಲ ಮತ್ತೂ ಎರಡೂವರೆ ಸೆಂಟಿಮೀಟರು ಹೆಚ್ಚಬೇಕು. ಉಬ್ಬಿದ ಗಾಜು ಫಿಲ್ಟರನ್ನು ಹತ್ತಿರಕ್ಕೆ ಬಿಡುವುದಿಲ್ಲ. ದೂರಕ್ಕೆ ಹೋದರೆ ಫಿಲ್ಟರು ತಟ್ಟೆಯಾಗುತ್ತದೆ. ಇದೇ ಇಕ್ಕಟ್ಟು.

ನನ್ನ ಲೆನ್ಸಿಗೆ ನಿಜವಾಗಿ ಎಷ್ಟು ಬೇಕೆಂದು ತಿಳಿಯಲು ಪುಸ್ತಕದ ಲೆಕ್ಕಕ್ಕಿಂತ ಸುಲಭವಾದ ಉಪಾಯವೊಂದು ಹೊಳೆಯಿತು. ಇದನ್ನು ಯಾರು ಬೇಕಾದರೂ ಮಾಡಬಹುದು. ಮಗಳ ಅಡಿಪಟ್ಟಿಯನ್ನು ಹುಡ್ಡಿನ ದಳಗಳ ತುದಿಗೆ ಅಡ್ಡಲಾಗಿ ತಾಗಿಸಿ ಹಿಡಿದು, ಬೆಳಕಿನ ಕಿಂಡಿಯನ್ನು ಆದಷ್ಟು ಚಿಕ್ಕದು ಮಾಡಿ ಒಂದು ಚಿತ್ರ ತೆಗೆದೆ. ಮಿಲಿಮೀಟರಿನ ಗೆರೆಗಳು ಕಲಸಿಹೋಗಿದ್ದರೂ ಸೆಂಟಿಮೀಟರಿನ ಅಂಕಿಗಳನ್ನು ಓದಬಹುದಿತ್ತು. ಎಡದಿಂದ ಬಲಕ್ಕೆ ಹನ್ನೆರಡೂವರೆ ಕಾಣಿಸಿತು. ಅಲ್ಲಿಗೆ ನನಗೆ ಬೇಕಾದ ಗಾಜು ಹದಿಮೂರು ಸೆಂಟಿಮೀಟರು ಅಗಲದ್ದು.

ಗಾಜು ಸಿಕ್ಕಿದ್ದು ನಾಗದೇವಿ ಬೀದಿಯಲ್ಲಿ, ಕಬ್ಬಿಣದ ಸಾಮಾನಿನ ಅಂಗಡಿಯೊಂದರಲ್ಲಿ. ವೆಲ್ಡಿಂಗು ಮಾಡುವವರು ಮುಖಕ್ಕೆ ಹಿಡಿಯುವ ಗುರಾಣಿಯ ಕಪ್ಪು ಗಾಜು ಅದು. ಸಾಮಾನ್ಯವಾಗಿ ಸಿಗುವುದು ಅಂಗೈ ಪಟ್ಟಿಯಷ್ಟರದು. ಹುಡುಕಿದರೆ 133 ಮಿಲಿಮೀಟರು ಉದ್ದ, 114 ಅಗಲದ ದೊಡ್ಡದೂ ಸಿಗುತ್ತದೆ. ನನ್ನ ಅಡಿಪಟ್ಟಿಯ ಲೆಕ್ಕಕ್ಕೆ ಅದು ಹೇಳಿಮಾಡಿಸಿದಂತಿತ್ತು. ಬೆಲೆ ಎರಡು ಕಾಫಿಯದು. ಈ ಗಾಜುಗಳಿಗೆ ನಂಬರು ಇರುತ್ತದೆ. ನಂಬರು ಏರಿದಂತೆ ಕಪ್ಪು ಹೆಚ್ಚು. 10ನೆಯ ನಂಬರಿನದು ಸುಮಾರು ಏಳು ಸಾವಿರದಲ್ಲಿ ಒಂದು ಪಾಲು ಬೆಳಕನ್ನು ಮಾತ್ರ ಒಳಗೆ ಬಿಡುತ್ತದೆ. ಎಂದರೆ ಗಾಜಿಲ್ಲದೆ ಒಂದು ಸೆಕೆಂಡಿನ ಅರುವತ್ತರಲ್ಲೊಂದು ಪಾಲು ಸಾಕಾಗುವ ಕಡೆ, ಗಾಜಿಟ್ಟರೆ ಎರಡು ನಿಮಿಷ ಬೇಕು. ಬೇಕಾದ ಎರಡು ನಿಮಿಷ ತಾನಾಗಿ ಒದಗಿಬಂದಿತು. (ಈ ಗಾಜಿನಿಂದ ಗ್ರಹಣ ನೋಡಲು ಹೊರಟವರಿಗೆ ಒಂದು ಎಚ್ಚರಿಕೆ: ಸೂರ್ಯನನ್ನು ನೋಡಲು 10ನೆಯ ನಂಬರು ಸಾಲದು, 14ರದು ಬೇಕು. ಕಣ್ಣಿನ ವಿಷಯದಲ್ಲಿ ಉಳಿತಾಯ ಬೇಡ.)

ಇನ್ನು ಅದನ್ನು ಲೆನ್ಸಿಗೆ ಕೂಡಿಸುವ ಬಗೆ. ನಲ್ಲಿ ಕೆಲಸದವನಿಂದ 110 ಮಿಲಿಮೀಟರಿನ ಪಿ.ವಿ.ಸಿ. ಪೈಪಿನ ಒಂದು ಗೇಣು ತುಂಡು ಬೇಡಿ ತಂದೆ. ಲೆನ್ಸಿನ ಮೈಗೂ ಪೈಪಿಗೂ ನಡುವಿನ ಸಂದಿಗೆ ಹಳೆಯ ಸೈಕಲ್ಲಿನ ಟ್ಯೂಬನ್ನು ಕೊಯ್ದು ಒತ್ತಿದೆ. ಹಿಡಿತ ಭದ್ರವಾಗಿ ಬಂದಿತು. ಪೈಪಿನ ಬಾಯನ್ನು ದಳದ ತುದಿಗೆ ಸಮನಾಗಿ ಗರಗಸದಿಂದ ಕೊಯ್ದು, ಗಾಜನ್ನು ಅದರ ಮೇಲೆ ರಬ್ಬರು ಬಳೆಗಳಿಂದ ಬಿಗಿದು, ಹೆಮ್ಮೆಯಿಂದ ಒಂದು ಚಿತ್ರ ತೆಗೆದು ನೋಡುತ್ತೇನೆ: ಬಾವಿಯೊಳಗೆ ಬಿದ್ದವನು ತಲೆಯೆತ್ತಿ ನೋಡಿದ ಹಾಗಿತ್ತು! ಎಡಬಲಗಳಲ್ಲಿ ಪೈಪಿನ ಗೋಡೆಯೇ ಚಿತ್ರದೊಳಗೆ ಬಂದಿತ್ತು. ಗಾಜು ಹದಿಮೂರು ಸೆಂಟಿಮೀಟರು ಇದ್ದರೇನು, ಅದರ ಹಿಂದಿನ ಪೈಪಿನ ಬಾಯಿ ಹತ್ತೂವರೆಯೇ ತಾನೆ? ಬಿ.ಎ. ಓದಿದವನಿಗೆ ಇಷ್ಟು ಹೊಳೆಯಲಿಲ್ಲ. ಅದೂ ಸಾಲದೆ, ಪೈಪಿನ ಬಿಳಿಯ ಒಳಮೈ ಬೆಳಕನ್ನು ಗಾಜಿನ ಹಿಂಭಾಗಕ್ಕೆ ಎರಚಿ, ಚಿತ್ರದ ನಡುವೆ ನನ್ನದೇ ಲೆನ್ಸಿನ ಹೆಸರು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಮೂಡಿತ್ತು.

ಎರಡನೆಯ ಪ್ರಯತ್ನದಲ್ಲಿ ಪೈಪನ್ನು ಎರಡು ಬೆರಳಗಲದ ಉಂಗುರವಾಗಿ ಮಾತ್ರ ಉಳಿಸಿಕೊಂಡೆ. ಅದು ಹಿಂದೆ ಲೆನ್ಸನ್ನು ಹಿಡಿದುಕೊಳ್ಳಲಿ. ಮುಂದಿನ ಭಾಗ ಅಕ್ಕಿ ಸುರಿಯುವ ಲಾಳಿಕೆಯಂತೆ ಹೊರಕ್ಕೆ ಅಗಲವಾಗುತ್ತ ಹೋಗಲಿ ಎಂದು ದಪ್ಪ ರಟ್ಟಿನಿಂದ ಒಂದು ಬಾಯಿ ಮಾಡಿದೆ. ಒಳಗೆ ಕಪ್ಪು ಬಣ್ಣ ಬಳಿದರೆ ಸಾಲದು, ಬಣ್ಣವೂ ಓರೆ ಬೆಳಕಿಗೆ ಮಿನುಗುತ್ತದೆ, ಮಖಮಲ್ಲು ಬೇಕು. ಮನೆಯವಳ ಮದುವೆಯ ಕಾಲದ ಕಪ್ಪು ಮಖಮಲ್ಲಿನ ರವಿಕೆಯೊಂದು ಬೀರುವಿನ ತಳದಲ್ಲಿದ್ದುದು ನನಗೆ ಗೊತ್ತಿತ್ತು. ಅದನ್ನು ಕೇಳಿ ಪಡೆದ ಬಗೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. ಅಂತೂ ಕಾಫಿ ಫಿಲ್ಟರು ಉಳಿಯಿತು, ರವಿಕೆ ಹೋಯಿತು.

ಬೇರೆ ದಾರಿ ಇರಲಿಲ್ಲವೇ ಎಂದು ಕೇಳಬಹುದು. ಇತ್ತು, ಒಂದೆರಡನ್ನು ಪರೀಕ್ಷಿಸಿಯೂ ನೋಡಿದೆ. ಫಿಲ್ಟರನ್ನು ಲೆನ್ಸಿನ ಮುಂದಿಡುವ ಬದಲು ಹಿಂದಿಡುವುದು ಹಳೆಯ ಪದ್ಧತಿ. ಮುಂದೆ ತಟ್ಟೆಯಷ್ಟು ಅಗಲವಾಗಿರುವ ಬೆಳಕಿನ ದಾರಿ ಹಿಂದೆ ರೂಪಾಯಿಯ ನಾಣ್ಯದಷ್ಟು ಚಿಕ್ಕದಾಗಿರುತ್ತದೆ. ನಿಕಾನ್‌ನವರ 1976ರ 13 ಮಿಲಿಮೀಟರಿನ ಲೆನ್ಸಿಗೆ 39 ಮಿಲಿಮೀಟರಿನ ಫಿಲ್ಟರು ಹಿಂದೆಯೇ ಕೂಡುತ್ತಿತ್ತು. 2015ರಲ್ಲಿ ಬಂದ ಕ್ಯಾನನ್‌ನವರ 11-24 ಮಿಲಿಮೀಟರಿನದಕ್ಕೂ ಹಿಂದೆ ಜಿಲೆಟಿನ್ ಹಾಳೆ ತೂರಿಸುವ ಸಂದಿ ಇದೆ. ನನ್ನ ಲೆನ್ಸಿಗೆ ಸಂದಿ ಇಲ್ಲ. ಜಿಲೆಟಿನ್ ಹಾಳೆಯನ್ನು ಕತ್ತರಿಸಿ ಅಂಟುಪಟ್ಟಿಯಿಂದ ಹಚ್ಚಬೇಕು. ಹಚ್ಚಿದೆ. ಹಾಳೆಯ ದಪ್ಪ ಮಿಲಿಮೀಟರಿನ ಹತ್ತರಲ್ಲೊಂದು ಪಾಲು. ಅದು ಬೆಳಕು ಕೂಡುವ ಜಾಗವನ್ನು ತನ್ನ ದಪ್ಪದ ಮೂರರಲ್ಲೊಂದು ಪಾಲು ಹಿಂದಕ್ಕೆ ತಳ್ಳುತ್ತದೆ. ಕೂದಲೆಳೆಗಿಂತ ಕಡಿಮೆ! ಆದರೂ 14 ಮಿಲಿಮೀಟರಿನ ಲೆನ್ಸಿಗೆ ಅದು ದೊಡ್ಡದೇ. ಅನಂತ ದೂರದ ಬೆಟ್ಟವನ್ನು ಹಿಡಿಯಬೇಕಾದರೆ ಅಳತೆಯ ಪಟ್ಟಿಯನ್ನು 6 ಮೀಟರಿನ ಹತ್ತಿರಕ್ಕೆ ತಿರುಗಿಸಬೇಕಾಗುತ್ತದೆ. ಅದನ್ನಾದರೂ ಸಹಿಸಬಹುದಿತ್ತು, ಆದರೆ ಅಂಟು ಬಿಟ್ಟ ಹಾಳೆ ಒಂದು ಸಲ ಕ್ಯಾಮರಾದೊಳಗಿನ ಕನ್ನಡಿಗೆ ತಗಲಿ ಅಂಟಿಕೊಂಡದ್ದನ್ನು ಕಂಡು ನನ್ನ ಜೀವ ಬಾಯಿಗೆ ಬಂದಿತು. ಆ ಪ್ರಯೋಗ ಅಲ್ಲಿಗೆ ಮುಗಿಯಿತು.

ಪೋಲರೈಸರು ಎಂಬ ಇನ್ನೊಂದು ಬಗೆಯ ಫಿಲ್ಟರನ್ನು ಕೆಲವರು ಇಂಥ ಲೆನ್ಸುಗಳಿಗೂ ಹಾಕಲು ಹೆಣಗುತ್ತಾರೆ. ವ್ಯರ್ಥ. ಅದು ಆಕಾಶವನ್ನು ಅತಿ ಹೆಚ್ಚು ಕಪ್ಪಾಗಿಸುವುದು ಸೂರ್ಯನಿಂದ 90 ಡಿಗ್ರಿ ಆಚೆಗಿನ ಪಟ್ಟಿಯಲ್ಲಿ. 104 ಡಿಗ್ರಿ ಅಗಲವನ್ನು ನೋಡುವ ಲೆನ್ಸಿಗೆ ಆ ಪಟ್ಟಿಯೂ ಕಾಣುತ್ತದೆ, ಅದರ ಆಚೀಚೆಯೂ ಕಾಣುತ್ತದೆ. ನೀಲಿಯ ಆಕಾಶದ ನಡುವೆ ಮಸಿಬಟ್ಟೆ ಎಳೆದಂತೆ.

ನನ್ನ ಕಪ್ಪು ಗಾಜಿಗೂ ಇದಕ್ಕೆ ಸಮನಾದ ಒಂದು ಅವಗುಣವಿದೆಯೆಂದು ತಿಳಿದದ್ದು ಮನೆಯ ತಾರಸಿಯ ಮೇಲೆ ಮೊದಲ ಪರೀಕ್ಷೆ ಮಾಡಿದ ಮೇಲೆ. ಹಸಿರು ಛಾಯೆಯೇನೋ ನಿರೀಕ್ಷಿಸಿದ್ದೇ. ಕಪ್ಪುಬಿಳುಪು ಮಾಡಿದರೆ ಅದು ಮಾಯ. ಆದರೆ ಮೂಲೆಗಳು ಕಗ್ಗತ್ತಲು. ಯೋಚಿಸಿದರೆ ಕಾರಣ ಸರಳ: ನಡುವಿನ ಬೆಳಕು ಗಾಜನ್ನು ನೇರವಾಗಿ ದಾಟುತ್ತದೆ, ಮೂಲೆಯ ಬೆಳಕು ಓರೆಯಾಗಿ ದಾಟುತ್ತದೆ. ಓರೆಯಾದ ದಾರಿ ಶೇಕಡಾ 20ರಷ್ಟು ಉದ್ದ. ತಿಳಿಗಾಜಾಗಿದ್ದರೆ ಚಿಂತೆಯಿಲ್ಲ, ಏಳು ಸಾವಿರದಲ್ಲಿ ಒಂದನ್ನು ಬಿಡುವ ಗಾಜಿನಲ್ಲಿ ಶೇಕಡಾ 20 ಹೆಚ್ಚು ನಡೆದರೆ ಉಳಿಯುವುದು ನಡುವಿನದರ ಆರರಲ್ಲೊಂದು ಪಾಲು.

ಈ ಮೂಲೆಗತ್ತಲೆ ಅಗಲನೋಟದ ಲೆನ್ಸುಗಳಿಗೆ ಹುಟ್ಟಿನಿಂದ ಬಂದ ಜಾಡ್ಯ. 1900ರ ಸುಮಾರಿಗೆ ಜರ್ಮನಿಯ ಗೋರ್ಟ್ಸ್ ಕಾರ್ಖಾನೆಯಲ್ಲಿ ಎಮಿಲ್ ಫಾನ್ ಹ್ಯೋಗ್ ಎಂಬವನು ಹೈಪರ್ಗಾನ್ ಎಂಬ ಲೆನ್ಸನ್ನು ರಚಿಸಿದನು. ಗೋಲಿಯಂತೆ ಎದುರುಬದುರಾಗಿ ಕೂಡಿಸಿದ ಎರಡೇ ಎರಡು ಬಟ್ಟಲುಗಾಜು; ನೋಟ 130 ಡಿಗ್ರಿಗೂ ಮಿಗಿಲು. ಅಂಥ ಸರಳ ಲೆನ್ಸಿನಲ್ಲಿ ನಡುವಿನಿಂದ 60 ಡಿಗ್ರಿ ಓರೆಯಲ್ಲಿ ಬೀಳುವ ಬೆಳಕು ನಡುವಿನದರ ಹದಿನಾರರಲ್ಲೊಂದು ಪಾಲು ಮಾತ್ರ. ಅದಕ್ಕೆ ಅವರು ಹೂಡಿದ ಉಪಾಯವನ್ನು ನೆನೆದರೆ ಈಗಲೂ ನಗೆ ಬರುತ್ತದೆ, ಗೌರವವೂ ಹುಟ್ಟುತ್ತದೆ. ಲೆನ್ಸಿನ ಮುಂದೆ ನಕ್ಷತ್ರದ ಆಕಾರದ ಒಂದು ಚಿಕ್ಕ ತಗಡಿನ ಚಕ್ರ. ಅದಕ್ಕೊಂದು ರಬ್ಬರಿನ ಕೊಳವೆ, ಕೊಳವೆಯ ತುದಿಗೆ ರಬ್ಬರಿನ ಉಂಡೆ. ಉಂಡೆಯನ್ನು ಅಮುಕಿದರೆ ಗಾಳಿ ಊದಿ ನಕ್ಷತ್ರ ಗಿರಗಿರನೆ ತಿರುಗುತ್ತದೆ. ತಿರುಗುವಾಗ ನಡುವಿನ ಬೆಳಕನ್ನು ಹೆಚ್ಚು, ಅಂಚಿನದನ್ನು ಕಡಿಮೆ ತಡೆಯುತ್ತದೆ. ಕೊನೆಯಲ್ಲಿ ನಕ್ಷತ್ರವನ್ನು ಪಕ್ಕಕ್ಕೆ ಸರಿಸಿ ನಡುವಿಗೂ ಒಂದಿಷ್ಟು ಬೆಳಕು ಕೊಟ್ಟು ಮುಗಿಸುವುದು. ಕಾರ್ಖಾನೆಯವರೇ ಹೀಗೆ ಆಟದ ಸಾಮಾನು ಕಟ್ಟಿ ಮಾರಿದ್ದಾರೆಂದ ಮೇಲೆ ನನಗೆ ಪೈಪಿನ ವಿಷಯದಲ್ಲಿ ಇದ್ದ ಸಂಕೋಚ ಹೊರಟುಹೋಯಿತು. ಲಗ್ನಪತ್ರಿಕೆಯೊಂದನ್ನು ನಕ್ಷತ್ರವಾಗಿ ಕತ್ತರಿಸಿ, ಮಗಳ ಗಿರಗಿಟ್ಟಲೆಯ ಕಡ್ಡಿಗೆ ಚುಚ್ಚಿ, ನಾನೂ ತಾರಸಿಯ ಮೇಲೆ ಊದಿ ನೋಡಿದೆ. ಮೂಲೆಗಳು ಏನೋ ಸ್ವಲ್ಪ ತಿಳಿಯಾದವು. ಆದರೆ ಕಡ್ಡಿಯ ನೆರಳು ಆಕಾಶದಲ್ಲಿ ಧೂಮಕೇತುವಿನಂತೆ ಬಿದ್ದಿತು. ನಕ್ಷತ್ರವನ್ನು ಮಗಳಿಗೆ ಹಿಂದಿರುಗಿಸಿ, ಮೂಲೆಗಳನ್ನು ಕಂಪ್ಯೂಟರಿನಲ್ಲಿ ತಿದ್ದಿದರಾಯಿತೆಂದು ಸಮಾಧಾನಪಟ್ಟೆ.

ಅಕ್ಟೋಬರಿನ ಮೊದಲ ದಿನಗಳ ಒಂದು ಭಾನುವಾರ, ಬೆಳಿಗ್ಗೆ ಏಳೂವರೆಗೆ, ಮೂವರೂ ಗಿರಗಾಂವಿಗೆ ಹೋದೆವು. ಮೋಡ ಕವಿದಿತ್ತು, ನನಗೆ ಅದೇ ಬೇಕಾಗಿತ್ತು. ನಮ್ಮ ಖೋಲಿಗೆ ಸರಿಯಾಗಿ ಎದುರು ಸಾಲಿನ ಎರಡನೆಯ ಮಾಳಿಗೆಯಲ್ಲಿ, ತಂದೆಯವರ ಗೆಳೆಯರಾದ ಒಬ್ಬ ಮರಾಠಿ ಕಾಕಾ ಅವರ ಬಾಗಿಲ ಮುಂದೆ ಮುಕ್ಕಾಲಿಯನ್ನು ಊರಿದೆ. ಎರಡನೆಯ ಮಾಳಿಗೆಯೇ ಏಕೆಂದರೆ, ಕ್ಯಾಮರಾವನ್ನು ಮೇಲಕ್ಕೋ ಕೆಳಕ್ಕೋ ಬಗ್ಗಿಸಿದರೆ ಈ ಲೆನ್ಸು ಕಂಬಗಳನ್ನೆಲ್ಲ ಕುಡುಕರಂತೆ ವಾಲಿಸಿಬಿಡುತ್ತದೆ. ನಡುಮಟ್ಟದಲ್ಲಿ ನಿಂತು ನೇರವಾಗಿ ನೋಡಿದರೆ ಕೆಳಗೆ ಅಂಗಳದ ಅಂಚೂ ಮೇಲೆ ಮಾಡೂ ಒಂದು ಪಟ್ಟಿ ಆಕಾಶವೂ ಸರಿಯಾಗಿ ಹಿಡಿಯುತ್ತವೆ. ಅಮ್ಮ ಎದುರು ಗ್ಯಾಲರಿಯಲ್ಲಿ ಒಗೆದ ಸೀರೆಯುಟ್ಟು ಕುರ್ಚಿಯಲ್ಲಿ ಕುಳಿತಿದ್ದಳು. "ಎರಡು ನಿಮಿಷ ಅಲ್ಲಾಡಬಾರದು" ಎಂದು ಅಂಗಳದ ಆಚೆಯಿಂದ ಕೂಗಿದೆ. "ನಾನು ಐವತ್ತು ವರ್ಷ ಅಲ್ಲಾಡಲಿಲ್ಲ ಮಾರಾಯ, ನೀನು ತೆಗಿ" ಎಂದಳು.

ಫೋಕಸು ಸರಿಯಿದೆಯೇ ಎಂದು ನೋಡಲು ಗಾಜಿಲ್ಲದೆ ಮೊದಲು ಒಂದು ಸಾದಾ ಚಿತ್ರ ತೆಗೆದೆ. ಗಾಜು ಕೂಡಿಸಿದ ಮೇಲೆ ಕ್ಯಾಮರಾಕ್ಕೂ ಕಾಣುವುದಿಲ್ಲ, ನಮಗೂ ಕಾಣುವುದಿಲ್ಲ. ಆದುದರಿಂದ ಎಲ್ಲವನ್ನೂ ಮೊದಲೇ ನಿಶ್ಚಯಿಸಿ ತಿರುಗುಂಗುರವನ್ನು ಅಂಟುಪಟ್ಟಿಯಿಂದ ಬಂಧಿಸಿಡಬೇಕು. ಅನಂತರ ಲಾಳಿಕೆಯನ್ನು ಲೆನ್ಸಿಗೆ ತೊಡಿಸಿದೆ. ಕಾಕಾ ಅದನ್ನು ಸುತ್ತಲೂ ನೋಡಿ, "ಇದು ಸಂಡಾಸಿನ ಪೈಪಲ್ಲವೇ?" ಎಂದು ಮರಾಠಿಯಲ್ಲಿ ಕೇಳಿದರು. ಹೌದೆಂದೆ.

ಆಕಾಶದ ಪಟ್ಟಿ ಅಂಗಳಕ್ಕಿಂತ ಬಹಳ ಬೆಳ್ಳಗಿತ್ತು. ಇದಕ್ಕೆ ಅರ್ಧ ಬೂದು, ಅರ್ಧ ತಿಳಿಯಾದ ಗಾಜುಗಳುಂಟು, ನನ್ನಲ್ಲಿ ಇರಲಿಲ್ಲ. ಅದರ ಬದಲು ಒಂದು ಕರಿಯ ರಟ್ಟು. ಬಾಗಿಲು ತೆರೆದಿರುವ 120 ಸೆಕೆಂಡುಗಳಲ್ಲಿ 60 ಸೆಕೆಂಡು ಆ ರಟ್ಟನ್ನು ಗಾಜಿನ ಮೇಲ್ಭಾಗಕ್ಕೆ ಅಡ್ಡ ಹಿಡಿದು, ಗೆರೆ ಬೀಳದಂತೆ ಮೆಲ್ಲಗೆ ಮೇಲೆ ಕೆಳಗೆ ಆಡಿಸುತ್ತಿರಬೇಕು. ಆಕಾಶಕ್ಕೆ ಅರ್ಧ ಬೆಳಕು. ಮೇಲಂಚು ಗಾಜಿನ ಓರೆದಾರಿಯಿಂದ ಮೊದಲೇ ಕತ್ತಲಾಗುತ್ತಿದ್ದುದರಿಂದ ಅಷ್ಟು ಸಾಕಾಯಿತು. ಒಂದು ಅವಗುಣ ಇಲ್ಲಿ ಉಪಕಾರಕ್ಕೆ ಬಂದಿತು.

ಮೊದಲನೆಯ ಎರಡು ನಿಮಿಷ ಕೆಟ್ಟಿತು. ಮರದ ಗ್ಯಾಲರಿಯಲ್ಲಿ ಯಾರೋ ಬಕೆಟ್ಟು ಹಿಡಿದು ನಡೆದರು. ಮುಕ್ಕಾಲಿ ನಡುಗಿ ಕಟಾಂಜನವೆಲ್ಲ ಜೋಡಿಗೆರೆಯಾಯಿತು. ಕಾಕಾ ಮೆಟ್ಟಿಲ ಬಳಿ ಕೋಲು ಹಿಡಿದು ನಿಂತರು. ಆ ಸಾಲಿನಲ್ಲಿ ಇನ್ನು ಯಾರೂ ನಡೆಯಲಿಲ್ಲ. ಎರಡನೆಯದರಲ್ಲಿ ಚಿತ್ರದ ಕೆಳಗೆ ಮಂಜಿನಂಥ ಬೆಳ್ಳನೆಯ ಮಚ್ಚೆ. ಬೆನ್ನ ಹಿಂದಿನ ಬಾಗಿಲಿನ ಬೆಳಕು ಕ್ಯಾಮರಾದ ಕಣ್ಣಿಡುವ ಕಿಂಡಿಯಿಂದ ಒಳನುಗ್ಗಿತ್ತು. ಮುಂದಿನಿಂದ ಏಳು ಸಾವಿರದಲ್ಲೊಂದು ಪಾಲು ಬೆಳಕು ಬರುವಾಗ ಹಿಂದಿನ ಕಿಂಡಿಯದೂ ಲೆಕ್ಕಕ್ಕೆ ಬರುತ್ತದೆಂಬುದನ್ನು ನಾನು ಮರೆತಿದ್ದೆ. ಮನೆಯವಳು ತನ್ನ ಸೆರಗನ್ನು ಮಡಿಸಿ ಕಿಂಡಿಗೆ ಒತ್ತಿ ಹಿಡಿದಳು. ಒಂದೊಂದು ಚಿತ್ರ ಮುಗಿದ ಮೇಲೂ ಕ್ಯಾಮರಾ ತನ್ನ ಒಳಗಿನ ಕಲೆಗಳನ್ನು ತೊಳೆದುಕೊಳ್ಳಲು ಮತ್ತೆ ಎರಡು ನಿಮಿಷ ತೆಗೆದುಕೊಳ್ಳುತ್ತದೆ. ಇತ್ತ ಮೋಡ ಸರಿಯತೊಡಗಿತ್ತು. ನಳ್ಳಿಯ ನೀರು ನಿಲ್ಲುವ ಹೊತ್ತೂ ಹತ್ತಿರವಾಗಿತ್ತು. ಮುಂದಿನ ಭಾನುವಾರದ ಹೊತ್ತಿಗೆ ಅರ್ಧ ಖೋಲಿಗಳು ಬರಿದಾಗುತ್ತಿದ್ದವು.

ಮೂರನೆಯ ಸಲ ಮಗಳು ಒಂದರಿಂದ ನೂರಿಪ್ಪತ್ತರವರೆಗೆ ಗಟ್ಟಿಯಾಗಿ ಎಣಿಸಿದಳು. ನಾನು ರಟ್ಟು ಆಡಿಸಿದೆ, ಮನೆಯವಳು ಸೆರಗು ಹಿಡಿದಳು, ಕಾಕಾ ಕಾವಲು ನಿಂತರು. ಚಿತ್ರ ಬಂದಿತು. ಅಂಗಳದಲ್ಲಿ ಓಡಿದ ಹುಡುಗರು ಇಲ್ಲವೇ ಇಲ್ಲ. ನಳ್ಳಿಯ ಸಾಲಿನಲ್ಲಿ ನಿಂತವರು ಹೊಗೆಯ ಎಳೆಗಳಾಗಿದ್ದರು. ಇಪ್ಪತ್ತೆರಡು ಮೀಟರು ಉದ್ದದ ಖಾಲಿ ಗ್ಯಾಲರಿಗಳ ನಡುವೆ, ಬೆರಳ ಗೆಣ್ಣಿನಷ್ಟು ಗಾತ್ರಕ್ಕೆ, ಅಮ್ಮನೊಬ್ಬಳೇ ಕಲ್ಲಿನಲ್ಲಿ ಕಡೆದಂತೆ ಕುಳಿತಿದ್ದಳು. ಮೂಲೆಗಳು ಕತ್ತಲಾಗಿದ್ದುದೇನೋ ನಿಜ. ನನ್ನ ಮಟ್ಟಿಗೆ ಅದು ನಾನು ಈವರೆಗೆ ತೆಗೆದ ಚಿತ್ರಗಳಲ್ಲೆಲ್ಲ ಉತ್ತಮವಾದುದು.

ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ತರುಣ ಇದನ್ನು ನೋಡಿ, "ಇಷ್ಟಕ್ಕೆ ಗಾಜು ಏಕೆ ಸಾರ್? ಮೂವತ್ತು ಸಾದಾ ಚಿತ್ರ ತೆಗೆದು ಕಂಪ್ಯೂಟರಿಗೆ ಕೊಟ್ಟರೆ ಓಡಾಡುವವರನ್ನೆಲ್ಲ ಅದೇ ಅಳಿಸುತ್ತಿತ್ತು" ಎಂದ. ಅವನ ಮಾತು ನಿಜ. ಒಂದೇ ಜಾಗದಿಂದ ತೆಗೆದ ಹಲವು ಚಿತ್ರಗಳಲ್ಲಿ ಬದಲಾಗದೆ ನಿಂತದ್ದನ್ನು ಮಾತ್ರ ಉಳಿಸಿಕೊಳ್ಳುವ ಲೆಕ್ಕ ಕಂಪ್ಯೂಟರಿಗೆ ಗೊತ್ತು. ಆಗ ಹಸಿರೂ ಇರುತ್ತಿರಲಿಲ್ಲ, ಮೂಲೆಗತ್ತಲೆಯೂ ಇರುತ್ತಿರಲಿಲ್ಲ. ಇದು ಮೊದಲೇ ಗೊತ್ತಿದ್ದರೆ ಹಾಗೆ ಮಾಡುತ್ತಿದ್ದೆನೇ ಎಂದರೆ, ಪ್ರಾಯಶಃ ಎರಡನ್ನೂ ಮಾಡುತ್ತಿದ್ದೆ.

ಚಿತ್ರವನ್ನು ಹದಿನೆಂಟು ಅಂಗುಲಕ್ಕೆ ಹಿಗ್ಗಿಸಿ ಕಟ್ಟು ಹಾಕಿಸಿ ದಸರೆಯ ಮುನ್ನಾದಿನ ಅಮ್ಮನ ಮುಂದಿಟ್ಟೆ. ಅವಳು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಎಲ್ಲರೂ ಎಲ್ಲಿಗೆ ಹೋದರು?" ಎಂದಳು.

ಎರಡು ನಿಮಿಷ ಬಾಗಿಲು ತೆರೆದಿಟ್ಟರೆ ಚಲಿಸುವವರು ಮೂಡುವುದಿಲ್ಲವೆಂಬುದನ್ನು ವಿವರಿಸಿದೆ. ಅವಳು ಕೇಳಿಸಿಕೊಂಡಳು. "ಆಚೆಮನೆಯ ಕಾಕು ಕೊಡ ಹಿಡಿದು ನನ್ನ ಮುಂದೆಯೇ ಹೋದಳಲ್ಲ? ಮೇಲಿನ ಮಾಳಿಗೆಯ ಸಣ್ಣವ ಎರಡು ಸಲ ಬಂದು ಹೋದ. ಯಾರೂ ಇಲ್ಲದ ಚಾಳು ನಾಡಿದ್ದು ಹೇಗೂ ಕಾಣುತ್ತದೆ, ಅದಕ್ಕೆ ಫೋಟೋ ಎಂತಕ್ಕೆ?" ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ಮಗಳು ಮೊಬೈಲಿನಲ್ಲಿ ಉಳಿದ ಚಿತ್ರಗಳನ್ನು ಅಜ್ಜಿಗೆ ತೋರಿಸತೊಡಗಿದಳು: ಬಾವಿಯದು, ಧೂಮಕೇತುವಿನದು, ಜೋಡಿಗೆರೆಯದು. ಕೊನೆಗೆ ಫೋಕಸಿಗೆಂದು ಗಾಜಿಲ್ಲದೆ ತೆಗೆದ ಸಾದಾ ಚಿತ್ರ ಬಂದಿತು. ಅಮ್ಮ ಮೊಬೈಲನ್ನು ಕೈಗೆ ತೆಗೆದುಕೊಂಡಳು. ಅದರಲ್ಲಿ ನಳ್ಳಿಯ ಸಾಲು ಇತ್ತು, ಒಣಗಲು ಹಾಕಿದ ಬಟ್ಟೆ ಇತ್ತು, ಕೊಡ ಹಿಡಿದ ಕಾಕು ಬಾಯಿ ತೆರೆದು ಏನೋ ಹೇಳುತ್ತಿದ್ದಳು, ಕಟಾಂಜನಕ್ಕೆ ಜೋತುಬಿದ್ದ ಇಬ್ಬರು ಹುಡುಗರು ನೇರವಾಗಿ ನನ್ನ ಪೈಪಿನ ಕಡೆ ಬೆರಳು ತೋರಿಸಿ ನಗುತ್ತಿದ್ದರು. ಅಮ್ಮ ಒಬ್ಬೊಬ್ಬರ ಮೇಲೂ ಬೆರಳಿಟ್ಟು ಹೆಸರು ಹೇಳುತ್ತ ಬಂದಳು. ಹದಿನೇಳು ಜನ ಸಿಕ್ಕಿದರು. ಹದಿನೆಂಟನೆಯವರು ಯಾರೆಂದು ಅವಳಿಗೂ ಕಾಕಾ ಅವರಿಗೂ ಅಂದು ಸಂಜೆಯವರೆಗೆ ಚರ್ಚೆ ನಡೆಯಿತು.

ಈಗ ಅವಳು ನಮ್ಮ ಜೊತೆಗಿದ್ದಾಳೆ. ಹಾಲಿನ ಗೋಡೆಯ ಮೇಲಿರುವುದು ಆ ಸಾದಾ ಚಿತ್ರವೇ. ಎರಡು ನಿಮಿಷದ್ದು ನನ್ನ ಕಪಾಟಿನ ಒಳಮೈಯಲ್ಲಿದೆ. ಲಾಳಿಕೆಯನ್ನು ಬಿಸಾಡಿಲ್ಲ. ಮುಂದಿನ ಮಳೆಗಾಲಕ್ಕೆ ಜೋಗಕ್ಕೆ ಹೋಗುವ ವಿಚಾರವಿದೆ. ಅಲ್ಲಿ ನೀರಿನ ಹೆಸರು ಕೇಳುವವರು ಯಾರೂ ಇರುವುದಿಲ್ಲ.